ಸ್ನ್ಯಾಪ್ ಕಾರ್ಡು, ಅಂಗಡಿಯ ಗಾಡಿ, ಊರವರ ತೀರ್ಪು: ಅಮೆರಿಕದ ಆಹಾರ ನೆರವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸರದಿಯಲ್ಲಿ ಮುಂದೆ ನಿಂತವರ ಗಾಡಿಯೊಳಗೆ ಇಣುಕಿ ತೀರ್ಪು ಕೊಡುವ ಚಾಳಿ ಅಮೆರಿಕದಲ್ಲಿ ಹಳೆಯದು. 2026ರ ಜನವರಿಯಿಂದ ಆ ತೀರ್ಪಿಗೆ ಕೆಲವು ರಾಜ್ಯಗಳಲ್ಲಿ ಕಾನೂನಿನ ಬಲವೂ ಬಂದಿದೆ: ಸರ್ಕಾರದ ಆಹಾರ ನೆರವಾದ ಸ್ನ್ಯಾಪ್‌ನ ಹಣದಲ್ಲಿ ಅಲ್ಲಿ ತಂಪುಪಾನೀಯದಂಥವನ್ನು ಕೊಳ್ಳುವಂತಿಲ್ಲ. ಸರ್ಕಾರದ ಹಣದಲ್ಲಿ ಊಟ ಮಾಡುವವರು ಏನು ತಿನ್ನಬೇಕು ಎಂಬ ಈ ಜಗಳದಲ್ಲಿ ಎರಡೂ ಕಡೆಯವರು ಅರ್ಧ ಗೊತ್ತಿರುವ ಸಂಗತಿಗಳನ್ನೇ ಎಸೆದಾಡುತ್ತಾರೆ. ಹೆಚ್ಚಾಗಿ ಕೇಳಿಬರುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಸ್ನ್ಯಾಪ್ ಅಂದರೇನು? ಫುಡ್ ಸ್ಟ್ಯಾಂಪ್ ಬೇರೆಯೇ?

ಎರಡೂ ಒಂದೇ: ಕಡಿಮೆ ಆದಾಯದವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುವ ನೆರವು. 2008ರ ಅಕ್ಟೋಬರ್ 1ರಂದು ಹೆಸರು ಬದಲಾಯಿತು, ಆದರೆ ಜನರ ಬಾಯಲ್ಲಿ ಇನ್ನೂ ಫುಡ್ ಸ್ಟ್ಯಾಂಪೇ. ನೆರವಿನ ಹಣ ಮತ್ತು ನಿಯಮ ಒಕ್ಕೂಟ ಸರ್ಕಾರದ ಕೃಷಿ ಇಲಾಖೆಯದು (ಯುಎಸ್‌ಡಿಎ). ಅರ್ಜಿ ತೆಗೆದುಕೊಳ್ಳುವುದು, ಅರ್ಹತೆ ನೋಡುವುದು, ಕಾರ್ಡು ಕೊಡುವುದು ರಾಜ್ಯದ ಕೆಲಸ. ಇದು ನ್ಯಾಯಬೆಲೆ ಅಂಗಡಿಯಲ್ಲಿ ತಲೆಗಿಷ್ಟು ಕಿಲೋ ಎಂದು ಧಾನ್ಯ ಅಳೆದು ಕೊಡುವ ಪದ್ಧತಿಯಲ್ಲ. ಪ್ರತಿ ತಿಂಗಳು ಇಬಿಟಿ ಎಂಬ ಕಾರ್ಡಿಗೆ ಡಾಲರುಗಳು ಜಮೆಯಾಗುತ್ತವೆ, ಮಾನ್ಯತೆ ಪಡೆದ ಮಾಮೂಲಿ ಅಂಗಡಿಯಲ್ಲೇ ಆಹಾರ ಕೊಳ್ಳಬೇಕು. ಇಂಥ ಅಂಗಡಿಗಳು ದೇಶದಲ್ಲಿ 2.5 ಲಕ್ಷಕ್ಕೂ ಹೆಚ್ಚಿವೆ.

2024ರ ಆರ್ಥಿಕ ವರ್ಷದಲ್ಲಿ ತಿಂಗಳಿಗೆ ಸರಾಸರಿ 4.17 ಕೋಟಿ ಜನ ಇದನ್ನು ಪಡೆದರು, ಅಂದರೆ ನೂರಕ್ಕೆ 12 ಮಂದಿ. ಖರ್ಚು ಸುಮಾರು 10,000 ಕೋಟಿ ಡಾಲರ್. ಪಡೆಯುವವರಲ್ಲಿ ಶೇ. 39ರಷ್ಟು ಮಕ್ಕಳು, ಶೇ. 20ರಷ್ಟು 60 ದಾಟಿದವರು, ಇನ್ನು ಶೇ. 10ರಷ್ಟು ಅಂಗವೈಕಲ್ಯ ಇರುವ ವಯಸ್ಕರು. "ದುಡಿಯಬಲ್ಲ ಸೋಮಾರಿ" ಎಂಬ ಚಿತ್ರ ಇಟ್ಟುಕೊಂಡು ವಾದಕ್ಕೆ ಇಳಿಯುವವರು ಮೊದಲು ಈ ಮೂರು ಅಂಕಿಗಳನ್ನು ಕೂಡಿ ನೋಡಬೇಕು.

ಒಂದು ಕುಟುಂಬಕ್ಕೆ ಎಷ್ಟು ಸಿಗುತ್ತದೆ?

ಲೆಕ್ಕ ಹೀಗೆ: ಕುಟುಂಬದ ಗಾತ್ರಕ್ಕೆ ನಿಗದಿಯಾದ ಗರಿಷ್ಠ ಮೊತ್ತ ತೆಗೆದುಕೊಂಡು, ಕಡಿತಗಳೆಲ್ಲ ಆದ ಮೇಲೆ ಉಳಿಯುವ ನಿವ್ವಳ ಆದಾಯದ ಶೇ. 30ನ್ನು ಅದರಿಂದ ಕಳೆಯುತ್ತಾರೆ. 2025ರ ಅಕ್ಟೋಬರಿನಿಂದ 2026ರ ಸೆಪ್ಟೆಂಬರ್‌ವರೆಗೆ, ಅಲಾಸ್ಕ ಮತ್ತು ಹವಾಯಿ ಬಿಟ್ಟು ಉಳಿದ ರಾಜ್ಯಗಳಲ್ಲಿ, ನಾಲ್ವರ ಕುಟುಂಬದ ಗರಿಷ್ಠ ಮೊತ್ತ ತಿಂಗಳಿಗೆ 994 ಡಾಲರ್. ಅವರ ನಿವ್ವಳ ಆದಾಯ 1,500 ಡಾಲರ್ ಎಂದುಕೊಳ್ಳಿ. ಅದರ ಶೇ. 30 ಅಂದರೆ 450. ಸಿಗುವುದು 544 ಡಾಲರ್.

ಹೀಗೆ ಕಳೆಯುವುದರ ಹಿಂದೆ ಒಂದು ಎಣಿಕೆ ಇದೆ: ಆ 450 ಡಾಲರನ್ನು ಕುಟುಂಬ ತನ್ನ ಕೈಯಿಂದಲೇ ಊಟಕ್ಕೆ ಹಾಕಬೇಕು. ಹಾಗಾಗಿ ಇಬಿಟಿ ಕಾರ್ಡು ಇರುವವರ ಗಾಡಿಯಲ್ಲಿರುವುದೆಲ್ಲ ತೆರಿಗೆದಾರರ ದುಡ್ಡು ಎನ್ನುವುದು ತಪ್ಪು. ಈ ಒಂದು ಅಂಶ ಮುಂದಿನ ಅರ್ಧದಷ್ಟು ಪ್ರಶ್ನೆಗಳಿಗೆ ಬೀಗದ ಕೈ.

2024ರಲ್ಲಿ ಒಬ್ಬರಿಗೆ ಸರಾಸರಿ ಸಿಕ್ಕಿದ್ದು ತಿಂಗಳಿಗೆ 187 ಡಾಲರ್. ದಿನಕ್ಕೆ 6 ಡಾಲರಿಗಿಂತ ಸ್ವಲ್ಪ ಹೆಚ್ಚು, ಹೊತ್ತಿಗೆ 2 ಡಾಲರ್ ಚಿಲ್ಲರೆ.

ಯಾವುದನ್ನು ಕೊಳ್ಳಬಹುದು, ಯಾವುದು ಸಲ್ಲದು?

ಒಕ್ಕೂಟದ ಮೂಲ ನಿಯಮ ಉದಾರವಾದದ್ದು: ಮನೆಗೆ ಒಯ್ದು ತಿನ್ನುವ ಯಾವುದೇ ಆಹಾರ ಆಗಬಹುದು. ಆಹಾರ ಬೆಳೆಯುವ ಬೀಜ, ಸಸಿ ಕೂಡ ಆಗಬಹುದು. ಬದನೆ ಸಸಿಗೆ ಅಡ್ಡಿಯಿಲ್ಲ, ಗುಲಾಬಿ ಗಿಡಕ್ಕೆ ಇದೆ. ಸಲ್ಲದ ಪಟ್ಟಿ ಚಿಕ್ಕದು. ಮದ್ಯ, ತಂಬಾಕು, ವಿಟಮಿನ್ ಮತ್ತು ಔಷಧಿ, ಮಾರುವ ಹೊತ್ತಿಗೆ ಬಿಸಿಯಾಗಿರುವ ಆಹಾರ, ಜೀವಂತ ಪ್ರಾಣಿಗಳು, ಮತ್ತು ಸೋಪು, ಕಾಗದ, ಡೈಪರ್, ನಾಯಿಯ ತಿಂಡಿಯಂಥ ಮನೆಸಾಮಾನು.

ಎಡವಟ್ಟಾಗುವುದು ಈ ಚಿಕ್ಕ ಪಟ್ಟಿಯ ಅಂಚಿನಲ್ಲಿ. ಸುಟ್ಟ ಇಡೀ ಕೋಳಿ ಬಿಸಿ ಪೆಟ್ಟಿಗೆಯಲ್ಲಿದ್ದರೆ ಕೊಳ್ಳುವಂತಿಲ್ಲ, ಅದೇ ಕೋಳಿ ಆರಿ ಫ್ರಿಜ್ಜಿಗೆ ಹೋದರೆ ಕೊಳ್ಳಬಹುದು. ಹಾಗಾಗಿ ಮನೆಯಲ್ಲಿ ಒಲೆಯಿಲ್ಲದವರಿಗೆ ಬಿಸಿ ಊಟ ಇಲ್ಲ, ಐಸ್‌ಕ್ರೀಮ್ ಇದೆ. (60 ದಾಟಿದವರು, ಅಂಗವಿಕಲರು ಮತ್ತು ಮನೆಯಿಲ್ಲದವರಿಗೆ ಹೋಟೆಲ್ ಊಟದ ಒಂದು ವಿಶೇಷ ಅವಕಾಶ ಇದೆ, ಆದರೆ ಅದನ್ನು ಒಪ್ಪಿಕೊಂಡ ರಾಜ್ಯಗಳು ಕೆಲವೇ.) ಶಕ್ತಿ ಪಾನೀಯದ ಡಬ್ಬಿಯ ಮೇಲೆ ಪೌಷ್ಟಿಕಾಂಶದ ಪಟ್ಟಿ ಇದ್ದರೆ ಅದು ಆಹಾರ, ಪೂರಕಗಳಿಗೆ ಹಾಕುವ ಪಟ್ಟಿ ಇದ್ದರೆ ಅಲ್ಲ. ಒಳಗಿರುವ ದ್ರವ ಹೆಚ್ಚುಕಡಿಮೆ ಒಂದೇ ಇರಬಹುದು, ತೀರ್ಮಾನಿಸುವುದು ಚೀಟಿ. ಹುಟ್ಟುಹಬ್ಬದ ಕೇಕ್ ಆಗಬಹುದು, ಆದರೆ ಅದರ ಮೇಲಿನ ತಿನ್ನಲಾಗದ ಅಲಂಕಾರ ಬೆಲೆಯ ಅರ್ಧ ದಾಟಬಾರದು. ಜೀವಂತ ಕೋಳಿ ಬೇಡ, ಆದರೆ ಚಿಪ್ಪಿನ ಜಲಚರ ಜೀವಂತವಾಗಿದ್ದರೂ ಸರಿ. ನೆರವಿನ ಹಣದಲ್ಲಿ ಲಾಬ್ಸ್ಟರ್ (ಸೀಗಡಿ ಜಾತಿಯ ದೊಡ್ಡ, ದುಬಾರಿ ಜಲಚರ) ಕೊಂಡು ತಿನ್ನುತ್ತಾರೆ ಎಂಬ ಕತೆ ಹುಟ್ಟಿದ್ದು ಇಲ್ಲೇ.

ಕೌಂಟರಿನಲ್ಲಿ ನಡೆಯುವುದೇನು?

ಕ್ಯಾಶಿಯರ್ ಸಾಮಾನನ್ನು ಸ್ಕ್ಯಾನ್ ಮಾಡುತ್ತಾರೆ. ಪ್ರತಿ ಬಾರ್‌ಕೋಡಿಗೂ "ಸ್ನ್ಯಾಪ್ ಆಗುತ್ತದೆ" ಅಥವಾ "ಆಗದು" ಎಂಬ ಗುರುತನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಹಾಕಿರುತ್ತಾರೆ. ಗ್ರಾಹಕರು ಕಾರ್ಡು ಉಜ್ಜಿ, ಆಹಾರದ ಖಾತೆ ಆರಿಸಿ, 4 ಅಂಕಿಯ ಪಿನ್ ಒತ್ತುತ್ತಾರೆ. ಅರ್ಹ ಸಾಮಾನಿನ ಮೊತ್ತ ಮಾತ್ರ ಕಡಿತವಾಗುತ್ತದೆ, ಉಳಿದದ್ದನ್ನು ಬೇರೆ ಕಾರ್ಡಿನಲ್ಲೋ ನಗದಿನಲ್ಲೋ ಕಟ್ಟಬೇಕು. ಸ್ನ್ಯಾಪ್‌ನಲ್ಲಿ ಕೊಂಡದ್ದಕ್ಕೆ ಮಾರಾಟ ತೆರಿಗೆ ಇಲ್ಲ. ಆನ್‌ಲೈನ್‌ನಲ್ಲೂ ಕೊಳ್ಳಬಹುದು, ಆದರೆ ಮನೆಗೆ ತಲುಪಿಸುವ ಶುಲ್ಕವನ್ನು ಈ ಹಣದಿಂದ ಕೊಡುವಂತಿಲ್ಲ.

ಗಮನಿಸಬೇಕಾದದ್ದು: ಕಾರ್ಡಿನ ಜಾಲಕ್ಕೆ ತಲುಪುವುದು ಒಟ್ಟು ಮೊತ್ತ ಮಾತ್ರ. ಬ್ರೆಡ್ಡೋ ಕೋಲಾವೋ ಎಂಬುದು ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಇಬಿಟಿ ಕಾರ್ಡಿನಲ್ಲಿ ಡೈಪರ್ ಕೊಂಡದ್ದನ್ನು, ಎಟಿಎಂನಿಂದ ಹಣ ತೆಗೆದದ್ದನ್ನು ಕಣ್ಣಾರೆ ಕಂಡವರಿದ್ದಾರಲ್ಲ?

ಕಂಡದ್ದು ನಿಜವೇ ಇರಬಹುದು, ಅರ್ಥ ಮಾಡಿಕೊಂಡದ್ದು ತಪ್ಪು. ಒಂದೇ ಪ್ಲಾಸ್ಟಿಕ್ ಕಾರ್ಡಿನಲ್ಲಿ ಎರಡು ಖಾತೆ ಇರಬಹುದು: ಒಂದು ಸ್ನ್ಯಾಪ್, ಇನ್ನೊಂದು ಬಡ ಕುಟುಂಬಗಳಿಗೆ ಕೊಡುವ ನಗದು ನೆರವು (ಟ್ಯಾನ್ಫ್). ನಗದು ಖಾತೆಯಿಂದ ಡೈಪರ್, ಬಸ್ ಚೀಟಿ, ಬಾಡಿಗೆ ಎಲ್ಲವೂ ಆಗಬಹುದು, ಎಟಿಎಂನಿಂದ ತೆಗೆಯಲೂಬಹುದು. ಅದಕ್ಕೂ ಕಡಿವಾಣ ಇದೆ. 2012ರ ಕಾನೂನಿನ ಪ್ರಕಾರ ಮದ್ಯದಂಗಡಿ, ಕ್ಯಾಸಿನೊ ಮತ್ತು ನಗ್ನ ನೃತ್ಯದ ಕ್ಲಬ್ಬುಗಳಲ್ಲಿ ಆ ಕಾರ್ಡು ನಡೆಯದಂತೆ ರಾಜ್ಯಗಳು ತಡೆಯಬೇಕು. ಸ್ನ್ಯಾಪ್ ಖಾತೆಯಿಂದಂತೂ ಒಂದು ಡಾಲರ್ ನಗದೂ ಬರುವುದಿಲ್ಲ. ಹಿಂದೆ ನಿಂತವರಿಗೆ ಗ್ರಾಹಕರು ಯಾವ ಗುಂಡಿ ಒತ್ತಿದರು ಎಂಬುದು ಕಾಣುವುದಿಲ್ಲ, ಕಾರ್ಡಿನ ಬಣ್ಣ ಮಾತ್ರ ಕಾಣುತ್ತದೆ.

ಹಾಗಾದರೆ ಲಾಬ್ಸ್ಟರ್, ಸ್ಟೇಕ್ (ದುಬಾರಿ ಮಾಂಸದ ತುಂಡು) ಎಲ್ಲ ಬರೀ ಕಟ್ಟುಕತೆಯೇ?

ಕೊಳ್ಳಲು ಕಾನೂನಿನಲ್ಲಿ ಅಡ್ಡಿಯಿಲ್ಲ, ಕೊಳ್ಳುವವರೂ ಇದ್ದಾರು. 2015ರಲ್ಲಿ ಮಿಸೌರಿಯ ಒಂದು ಮಸೂದೆ ಸ್ಟೇಕ್, ಸಮುದ್ರಾಹಾರ, ಚಿಪ್ಸ್, ಕುಕೀ, ಶಕ್ತಿ ಪಾನೀಯ ಎಲ್ಲವನ್ನೂ ಒಟ್ಟಿಗೆ ನಿಷೇಧಿಸಹೊರಟಿತ್ತು. ಅದೇ ವರ್ಷ ವಿಸ್ಕಾನ್ಸಿನ್‌ನಲ್ಲಿ ಏಡಿ, ಸೀಗಡಿ, ಲಾಬ್ಸ್ಟರ್ ಬೇಡವೆಂಬ ಮಸೂದೆ ಬಂತು. ಮಿಸೌರಿಯಲ್ಲಿ ಬರೆದಂತೆ ಬರೆದರೆ ಮೀನಿನ ಡಬ್ಬಿಯೂ ಸಮುದ್ರಾಹಾರವೇ ಎಂದು ಟೀಕಾಕಾರರು ಎತ್ತಿ ತೋರಿಸಿದರು.

ಗಣಿತದಿಂದ ನೋಡಿದರೆ ಇಲ್ಲಿ ಸರ್ಕಾರಕ್ಕೆ ನಷ್ಟವೇ ಇಲ್ಲ. ಕಾರ್ಡಿನ ಮೊತ್ತ ನಿಗದಿತ. ಒಂದೇ ಊಟಕ್ಕೆ 40 ಡಾಲರ್ ಸುರಿದವರಿಗೆ ತಿಂಗಳ ಕೊನೆಗೆ 40 ಡಾಲರ್ ಕಡಿಮೆ ಇರುತ್ತದೆ, ಅಷ್ಟೇ. ಯಾರೂ ಹೆಚ್ಚು ತುಂಬುವುದಿಲ್ಲ. ಸ್ಟೇಕ್ ಮೇಲಿನ ಸಿಟ್ಟು ಹಣದ ಬಗ್ಗೆ ಅಲ್ಲ, ಬಡವರು ಬಡವರಂತೆ ಕಾಣಬೇಕು ಎಂಬ ನಿರೀಕ್ಷೆಯ ಬಗ್ಗೆ. ಸಿಹಿ ಪಾನೀಯದ ವಾದ ಹಾಗಲ್ಲ. ಅದರಲ್ಲಿ ಆರೋಗ್ಯದ ನಿಜವಾದ ಪ್ರಶ್ನೆ ಇದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಚರ್ಚೆ ಹಳ್ಳ ಹಿಡಿಯುತ್ತದೆ.

ಈ ಜಗಳ ಶುರುವಾದದ್ದು ಯಾವಾಗ?

ಯೋಜನೆಯ ಜೊತೆಗೇ. 1939ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಮೊದಲ ಯೋಜನೆ ಆರಂಭವಾದಾಗ ಎರಡು ಬಣ್ಣದ ಚೀಟಿಗಳಿದ್ದವು. 1 ಡಾಲರಿನ ಕಿತ್ತಳೆ ಚೀಟಿ ಕೊಂಡರೆ 50 ಸೆಂಟಿನ ನೀಲಿ ಚೀಟಿ ಉಚಿತ. ಕಿತ್ತಳೆಯಲ್ಲಿ ಬೇಕಾದ ಆಹಾರ ಕೊಳ್ಳಬಹುದಿತ್ತು, ನೀಲಿಯಲ್ಲಿ ಸರ್ಕಾರ ಹೆಚ್ಚುವರಿ ಎಂದು ಘೋಷಿಸಿದ ಪದಾರ್ಥ ಮಾತ್ರ. ಆಗ ಕಾಳಜಿ ಇದ್ದದ್ದು ಬಡವರ ದೇಹದ ಬಗ್ಗೆ ಅಷ್ಟಲ್ಲ, ರೈತರ ಮಾರಾಟವಾಗದ ದಾಸ್ತಾನಿನ ಬಗ್ಗೆ. ಆ ಯೋಜನೆ 1943ರಲ್ಲಿ ನಿಂತಿತು.

1964ರಲ್ಲಿ ಫುಡ್ ಸ್ಟ್ಯಾಂಪ್ ಕಾಯ್ದೆ ರೂಪುಗೊಳ್ಳುವಾಗ ತಂಪುಪಾನೀಯ ಮತ್ತು ಐಷಾರಾಮಿ ಆಹಾರವನ್ನು ಹೊರಗಿಡುವ ಪ್ರಸ್ತಾಪ ಸಂಸತ್ತಿನ ಕೆಳಮನೆಯಲ್ಲಿ ಬಂದಿತ್ತು. ಕೊನೆಗೆ ಉಳಿದದ್ದು ಮದ್ಯ, ತಂಬಾಕು ಮತ್ತು ಕೆಲವು ಆಮದು ಪದಾರ್ಥಗಳ ಮೇಲಿನ ನಿಷೇಧ ಮಾತ್ರ. ಆಮದಿನ ಕಟ್ಟು ಆಮೇಲೆ ಹೋಯಿತು. 1976ರ ಚುನಾವಣೆಯಲ್ಲಿ ರೊನಾಲ್ಡ್ ರೇಗನ್ ಅವರು ನೆರವಿನ ಹಣದಲ್ಲಿ ಮೆರೆಯುವವರ ಕತೆಗಳನ್ನು ವೇದಿಕೆಯಿಂದ ವೇದಿಕೆಗೆ ಹೊತ್ತರು, ಅಲ್ಲಿಂದ ಅದು ರಾಜಕೀಯದ ಖಾಯಂ ಸರಕು. 2004ರ ಹೊತ್ತಿಗೆ ಕಾಗದದ ಚೀಟಿ ಹೋಗಿ ದೇಶದಾದ್ಯಂತ ಕಾರ್ಡು ಬಂತು. ಅವಮಾನ ಸ್ವಲ್ಪ ಕಡಿಮೆಯಾಯಿತು, ಇಣುಕು ನೋಟ ನಿಲ್ಲಲಿಲ್ಲ.

ಸ್ನ್ಯಾಪ್ ಪಡೆಯುವವರು ನಿಜವಾಗಿ ಕೊಳ್ಳುವುದು ಏನು?

ಸಾಮಾನುವಾರು ಲೆಕ್ಕ ಸರ್ಕಾರದ ಕೈಯಲ್ಲಿ ಇಲ್ಲ. ಇದು ಅನೇಕರಿಗೆ ಆಶ್ಚರ್ಯ. ಕಾರಣ ಮೇಲೆ ಹೇಳಿದ್ದೇ, ಜಾಲಕ್ಕೆ ಬರುವುದು ಮೊತ್ತ ಮಾತ್ರ. ಯಾವ ಅಂಗಡಿಗೆ ಎಷ್ಟು ಸ್ನ್ಯಾಪ್ ಹಣ ಹೋಯಿತು ಎಂಬ ಅಂಕಿ ಕೂಡ ಸಾರ್ವಜನಿಕವಲ್ಲ. ದಕ್ಷಿಣ ಡಕೋಟದ ಪತ್ರಿಕೆಯೊಂದು ಅದನ್ನು ಮಾಹಿತಿ ಹಕ್ಕಿನಡಿ ಕೇಳಿ ವರ್ಷಗಟ್ಟಲೆ ಹೋರಾಡಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅಂಗಡಿಗಳ ಪರ ತೀರ್ಪು ಕೊಟ್ಟಿತು.

ಇರುವ ಒಳ್ಳೆಯ ಸುಳಿವೆಂದರೆ 2016ರಲ್ಲಿ ಕೃಷಿ ಇಲಾಖೆ ಪ್ರಕಟಿಸಿದ ಅಧ್ಯಯನ. ಒಂದು ದೊಡ್ಡ ದಿನಸಿ ಸರಪಳಿಯ 2011ರ ಬಿಲ್ಲುಗಳನ್ನು ಅದು ಜಾಲಾಡಿತು. ಸ್ನ್ಯಾಪ್ ಕುಟುಂಬಗಳ ಪ್ರತಿ ಡಾಲರಿನಲ್ಲಿ ಸುಮಾರು 40 ಸೆಂಟ್ ಮಾಂಸ, ಹಣ್ಣು, ತರಕಾರಿ, ಹಾಲು, ಮೊಟ್ಟೆ, ಬ್ರೆಡ್ಡಿಗೆ ಹೋಗಿತ್ತು. 20 ಸೆಂಟ್ ಸಿಹಿ ಪಾನೀಯ, ಸಿಹಿತಿಂಡಿ, ಉಪ್ಪುತಿಂಡಿ, ಸಕ್ಕರೆಗೆ. ಉಳಿದ 40 ಸೆಂಟ್ ಸೀರಿಯಲ್, ಸಿದ್ಧ ಆಹಾರ, ಅಕ್ಕಿ, ಬೇಳೆಯಂಥ ಇತರ ಪದಾರ್ಥಗಳಿಗೆ. ಸ್ನ್ಯಾಪ್ ಇಲ್ಲದ ಕುಟುಂಬಗಳ ಹಂಚಿಕೆಯೂ ಹೆಚ್ಚುಕಡಿಮೆ ಹೀಗೇ ಇತ್ತು.

ಪತ್ರಿಕೆಗಳಿಗೆ ಸಿಕ್ಕ ಸಾಲು ಬೇರೆ: ಸ್ನ್ಯಾಪ್ ಕುಟುಂಬಗಳ ಖರ್ಚಿನ ಪಟ್ಟಿಯಲ್ಲಿ ತಂಪುಪಾನೀಯ ಮೊದಲ ಸ್ಥಾನದಲ್ಲಿತ್ತು, ಶೇ. 5.4. ಸ್ನ್ಯಾಪ್ ಇಲ್ಲದವರಲ್ಲಿ ಅದು ಶೇ. 4. ಎಲ್ಲ ಬಗೆಯ ಸಿಹಿ ಪಾನೀಯ ಸೇರಿಸಿದರೆ ಶೇ. 9.3ಕ್ಕೆ ಎದುರಾಗಿ ಶೇ. 7.1. ಎರಡೂ ಬಣದವರು ಇದೇ ವರದಿಯನ್ನು ಹಿಡಿದು ಕುಣಿಯುತ್ತಾರೆ. ವ್ಯತ್ಯಾಸ ಇದೆ, ಆದರೆ ಸಣ್ಣದು. ದೇಶವೇ ಸಕ್ಕರೆ ನೀರು ಕುಡಿಯುತ್ತಿದೆ, ಬಡವರು ತುಸು ಹೆಚ್ಚು ಕುಡಿಯುತ್ತಾರೆ. ಒಂದೇ ಸರಪಳಿಯ, ಹಳೆಯ ಅಂಕಿಗಳು ಎಂಬುದನ್ನೂ ಮರೆಯಬಾರದು.

ತಂಪುಪಾನೀಯ ನಿಷೇಧ ಈಗ ಎಲ್ಲೆಲ್ಲಿದೆ?

ಒಕ್ಕೂಟದ ಕಾಯ್ದೆ ಬದಲಾಗಿಲ್ಲ. ಪ್ರಯೋಗಕ್ಕೆಂದು ರಾಜ್ಯಗಳಿಗೆ ಕೊಡುವ ವಿನಾಯಿತಿ, ಅಂದರೆ ವೇವರ್, ಇದಕ್ಕೆ ದಾರಿ. ಹಿಂದೆ 2004ರಲ್ಲಿ ಮಿನ್ನೆಸೊಟ ಕೇಳಿತ್ತು, 2010ರಲ್ಲಿ ನ್ಯೂಯಾರ್ಕ್ ನಗರ ಕೇಳಿತ್ತು, ಆಮೇಲೆ ಮೇನ್ ರಾಜ್ಯ. ಎಲ್ಲರಿಗೂ ಇಲ್ಲವೆಂದೇ ಉತ್ತರ ಬಂತು, ಎರಡೂ ಪಕ್ಷಗಳ ಆಡಳಿತದಲ್ಲಿ. 2025ರ ಮೇ ತಿಂಗಳಲ್ಲಿ ನೆಬ್ರಾಸ್ಕದ ಕೋರಿಕೆಗೆ ಮೊದಲ ಒಪ್ಪಿಗೆ ಸಿಕ್ಕಿತು. ಆ ವರ್ಷದ ಕೊನೆಗೆ ಒಪ್ಪಿಗೆ ಪಡೆದ ರಾಜ್ಯಗಳು 18. 2026ರ ಜನವರಿ 1ರಂದು ಐದು ರಾಜ್ಯಗಳಲ್ಲಿ ಜಾರಿಗೆ ಬಂತು: ನೆಬ್ರಾಸ್ಕ (ತಂಪುಪಾನೀಯ, ಶಕ್ತಿ ಪಾನೀಯ), ಇಂಡಿಯಾನ (ತಂಪುಪಾನೀಯ, ಕ್ಯಾಂಡಿ), ಯೂಟಾ ಮತ್ತು ವೆಸ್ಟ್ ವರ್ಜೀನಿಯ (ತಂಪುಪಾನೀಯ), ಅಯೋವ. ಅಯೋವದ್ದೇ ಎಲ್ಲಕ್ಕಿಂತ ಬಿಗಿ. ಮಾರಾಟ ತೆರಿಗೆ ಬೀಳುವ ಆಹಾರ ಯಾವುದೂ ಅಲ್ಲಿ ಸಲ್ಲದು, ಬೀಜ ಮತ್ತು ಸಸಿ ಬಿಟ್ಟು.

ಕೃಷಿ ಕಾರ್ಯದರ್ಶಿ ಬ್ರೂಕ್ ರಾಲಿನ್ಸ್ ಮತ್ತು ಆರೋಗ್ಯ ಕಾರ್ಯದರ್ಶಿ ರಾಬರ್ಟ್ ಎಫ್. ಕೆನಡಿ ಜೂನಿಯರ್ ಇಬ್ಬರೂ ಇದರ ಬೆನ್ನಿಗಿದ್ದಾರೆ.

ಜಾರಿಯಲ್ಲಿ ತೊಡಕಾಗುವುದು ಎಲ್ಲಿ?

ಗೆರೆ ಎಳೆಯುವುದರಲ್ಲಿ. ಮಾರುಕಟ್ಟೆಯಲ್ಲಿ 3 ಲಕ್ಷಕ್ಕೂ ಹೆಚ್ಚು ಆಹಾರ ಉತ್ಪನ್ನಗಳಿವೆ, ಪ್ರತಿ ವರ್ಷ ಸಾವಿರಾರು ಹೊಸದು ಸೇರುತ್ತವೆ ಎಂದು ಕೃಷಿ ಇಲಾಖೆಯೇ 2007ರಲ್ಲಿ ನಿಷೇಧದ ವಿರುದ್ಧ ವಾದಿಸಿತ್ತು. ಪ್ರತಿ ಬಾರ್‌ಕೋಡಿಗೂ ಯಾರೋ ಒಬ್ಬರು ಹೌದು ಅಥವಾ ಅಲ್ಲ ಎಂದು ಬರೆಯಬೇಕು.

ಅಯೋವವನ್ನೇ ತೆಗೆದುಕೊಳ್ಳಿ. ಅಲ್ಲಿನ ತೆರಿಗೆ ನಿಯಮದಲ್ಲಿ ಹಿಟ್ಟು ಸೇರಿದ ಸಿಹಿ ಕ್ಯಾಂಡಿ ಅಲ್ಲ. ಹಾಗಾಗಿ ಒಳಗೆ ಗರಿಗರಿ ಬಿಸ್ಕತ್ತಿರುವ ಚಾಕೊಲೇಟ್ ಪಾಸ್, ಬರೀ ಚಾಕೊಲೇಟ್ ಫೇಲ್. ಸಿಹಿ ಹಾಕಿದ ಪಾನೀಯದಲ್ಲಿ ಹಣ್ಣಿನ ರಸ ಅರ್ಧಕ್ಕಿಂತ ಹೆಚ್ಚಿದ್ದರೆ ಅದು ತಂಪುಪಾನೀಯ ಅಲ್ಲ. ಹಾಲು ಬೆರೆತಿದ್ದರೂ ಅಲ್ಲ, ಅದರಲ್ಲಿ ಎಷ್ಟು ಸಕ್ಕರೆ ಇದ್ದರೂ. ಸಕ್ಕರೆಯೇ ಇಲ್ಲದ, ಕೃತಕ ಸಿಹಿಯ ಡಯಟ್ ಪಾನೀಯವೂ ನಿಷಿದ್ಧ. ಹೆಚ್ಚಿದ ಹಣ್ಣಿನ ಡಬ್ಬಿಯ ಜೊತೆ ಅಂಗಡಿಯವರು ಫೋರ್ಕ್ ಕೊಟ್ಟರೆ ಅದು "ಸಿದ್ಧಪಡಿಸಿದ ಆಹಾರ"ವಾಗಿ ತೆರಿಗೆಗೆ ಬೀಳುತ್ತದೆ, ಕಾರ್ಡಿನಲ್ಲಿ ಬರುವುದಿಲ್ಲ. ತೆರಿಗೆ ವಸೂಲಿಗೆಂದು ಬರೆದ ವ್ಯಾಖ್ಯೆಯನ್ನು ಪೌಷ್ಟಿಕತೆಯ ಅಳತೆಗೋಲಾಗಿ ಬಳಸಿದರೆ ಆಗುವುದು ಇದೇ.

ದೊಡ್ಡ ಸರಪಳಿಗಳು ತಮ್ಮ ಸಾಫ್ಟ್‌ವೇರನ್ನು ಒಂದೇ ಕಡೆಯಿಂದ ತಿದ್ದುತ್ತವೆ. ಪೆಟ್ರೋಲ್ ಬಂಕಿನ ಪಕ್ಕದ ಚಿಕ್ಕ ಅಂಗಡಿಯಲ್ಲಿ ಮಾಲೀಕರೇ ಕೂತು ಒಂದೊಂದು ಸಾಮಾನನ್ನೂ ಗುರುತು ಹಾಕಬೇಕು. ಅಲ್ಲಿ ತಪ್ಪು ಎರಡೂ ಕಡೆ ಆಗುತ್ತದೆ: ಕೊಡಬೇಕಾದ್ದನ್ನು ನಿರಾಕರಿಸುವುದು, ಕೊಡಬಾರದ್ದನ್ನು ಕೊಡುವುದು. ಬೈಗುಳ ತಿನ್ನುವವರು ಕ್ಯಾಶಿಯರ್. ರಾಜ್ಯದಿಂದ ರಾಜ್ಯಕ್ಕೆ ಪಟ್ಟಿ ಬೇರೆ ಬೇರೆ ಇರುವುದರಿಂದ ಗಡಿಯ ಊರುಗಳಲ್ಲಿ ಗೊಂದಲ ಇನ್ನೂ ಹೆಚ್ಚು.

ನಿಷೇಧಿಸಿದರೆ ಕುಡಿಯುವುದು ಕಡಿಮೆಯಾಗುತ್ತದೆಯೇ?

ಹಣದ ಲೆಕ್ಕದಲ್ಲಿ ನೋಡಿದರೆ ಆಗಬೇಕಿಲ್ಲ. ಒಂದು ಕುಟುಂಬ ತಿಂಗಳಿಗೆ 900 ಡಾಲರ್ ಆಹಾರಕ್ಕೆ ಹಾಕುತ್ತದೆ, ಅದರಲ್ಲಿ 544 ಸ್ನ್ಯಾಪ್, 356 ಸ್ವಂತದ್ದು, ತಂಪುಪಾನೀಯಕ್ಕೆ 40 ಎಂದುಕೊಳ್ಳಿ. ನಿಷೇಧ ಬಂದ ಮೇಲೆ ಆ 40ನ್ನು ಸ್ವಂತ ಹಣದಿಂದ ಕೊಟ್ಟು, ಮೊದಲು ಸ್ವಂತ ಹಣದಲ್ಲಿ ಕೊಳ್ಳುತ್ತಿದ್ದ ಅಕ್ಕಿ, ಮೊಟ್ಟೆಯನ್ನು ಕಾರ್ಡಿಗೆ ತಳ್ಳಿದರೆ ಮುಗಿಯಿತು. ಗಾಡಿಯಲ್ಲಿ ಒಂದು ಬಾಟಲಿಯೂ ಕಡಿಮೆಯಾಗುವುದಿಲ್ಲ. ಆಹಾರದ ಚೀಟಿ ಹೆಚ್ಚಿನವರಿಗೆ ನಗದಿನಂತೆಯೇ ಕೆಲಸ ಮಾಡುತ್ತದೆ ಎಂಬ ಈ ತರ್ಕವನ್ನು ಅರ್ಥಶಾಸ್ತ್ರಜ್ಞ ಹರ್ಮನ್ ಸೌತ್‌ವರ್ತ್ 1945ರಲ್ಲೇ ಮಂಡಿಸಿದ್ದರು.

ಆದರೆ ಮನುಷ್ಯರು ಲೆಕ್ಕದ ಪುಸ್ತಕದಂತೆ ನಡೆದುಕೊಳ್ಳುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಜಸ್ಟೀನ್ ಹೇಸ್ಟಿಂಗ್ಸ್ ಮತ್ತು ಜೆಸ್ಸಿ ಶಪಿರೊ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ನ್ಯಾಪ್‌ನಿಂದ ಬಂದ ಪ್ರತಿ ಹೆಚ್ಚುವರಿ ಡಾಲರಿನಲ್ಲಿ 50ರಿಂದ 60 ಸೆಂಟ್ ಆಹಾರದ ಖರ್ಚಿಗೇ ಸೇರುತ್ತದೆ. ನಗದು ಬಂದಾಗ ಸೇರುವುದು 10 ಸೆಂಟಿಗೂ ಕಡಿಮೆ. ಅಂದರೆ ಜನ ಈ ಹಣವನ್ನು ಮನಸ್ಸಿನಲ್ಲೇ "ಊಟದ ದುಡ್ಡು" ಎಂದು ಬೇರೆ ಎತ್ತಿಡುತ್ತಾರೆ. ಹಾಗಿದ್ದರೆ ನಿಷೇಧಕ್ಕೂ ಸ್ವಲ್ಪ ಹಿಡಿತ ಇರಬಹುದು. ಕೈಯಲ್ಲಿ ನಗದೇ ಇಲ್ಲದ ಕಡುಬಡವರ ಮೇಲಂತೂ ಅದು ನೇರವಾಗಿ ಬೀಳುತ್ತದೆ.

ನೇರ ಪ್ರಯೋಗ ಎಂದರೆ ಮಿನ್ನಿಯಾಪೊಲಿಸ್ ಸುತ್ತಮುತ್ತ ನಡೆದು 2016ರಲ್ಲಿ ಪ್ರಕಟವಾದದ್ದು. ಸ್ನ್ಯಾಪ್ ಪಡೆಯದ ಕಡಿಮೆ ಆದಾಯದವರಿಗೆ 12 ವಾರ ಕಾರ್ಡು ಕೊಟ್ಟು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಹಣ್ಣು ತರಕಾರಿ ಕೊಂಡರೆ ಶೇ. 30 ಮರುಪಾವತಿ, ಒಂದಕ್ಕೆ ಸಿಹಿ ಪಾನೀಯ, ಕ್ಯಾಂಡಿ, ಸಿಹಿ ಬೇಕರಿ ತಿನಿಸು ನಿಷೇಧ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಏನೂ ಇಲ್ಲ. ಊಟದ ಗುಣಮಟ್ಟ ಸುಧಾರಿಸಿದ್ದು ಎರಡೂ ಒಟ್ಟಿಗಿದ್ದ ಗುಂಪಿನಲ್ಲಿ. ಈಗಿನ ವೇವರ್‌ಗಳ ಸದ್ದೆಲ್ಲ ನಿಷೇಧದ ಕಡೆಗೇ, ಮರುಪಾವತಿಯ ಮಾತು ಹಿಂದೆ ಬಿದ್ದಿದೆ. ಪ್ರಯೋಗದ ಅರ್ಧವನ್ನು ಮಾತ್ರ ಓದಿದಂತಿದೆ ಇದು.

ನಿಷೇಧದ ಪರ ಯಾರು, ವಿರುದ್ಧ ಯಾರು?

ಪಕ್ಷದ ಗೆರೆಯಲ್ಲಿ ಇದು ನೆಟ್ಟಗೆ ಸೀಳುವುದಿಲ್ಲ. ಪರವಾಗಿ ಖರ್ಚು ಕಡಿತದ ಬಲಪಂಥೀಯರ ಜೊತೆ ಸಾರ್ವಜನಿಕ ಆರೋಗ್ಯದ ಹಲವು ವಿಜ್ಞಾನಿಗಳಿದ್ದಾರೆ. ಮಕ್ಕಳ ಮಧುಮೇಹದ ಚಿಕಿತ್ಸೆಗೂ ಸರ್ಕಾರವೇ ದುಡ್ಡು ಕೊಡುವಾಗ ಕಾರಣಕ್ಕೂ ಏಕೆ ಕೊಡಬೇಕು ಎಂಬ ಅವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ವಿರುದ್ಧ ನಿಂತವರಲ್ಲಿ ಹಸಿವಿನ ವಿರುದ್ಧ ಕೆಲಸ ಮಾಡುವ ಸಂಘಟನೆಗಳಿವೆ, ಅವುಗಳ ಪಕ್ಕದಲ್ಲೇ ಪಾನೀಯ ಕಂಪನಿಗಳ ಒಕ್ಕೂಟವೂ ಇದೆ. ಆ ಒಕ್ಕೂಟಕ್ಕೆ ಬಡವರ ಘನತೆಯ ಮೇಲೆ ಹುಟ್ಟಿದ ದಿಢೀರ್ ಪ್ರೀತಿಯನ್ನು ಯಾರೂ ಪೂರ್ತಿ ನಂಬಬೇಕಿಲ್ಲ.

ವಿಕ್ ಯೋಜನೆಯಂತೆ ನೇರವಾಗಿ ಪಟ್ಟಿ ಕೊಟ್ಟುಬಿಡಬಾರದೇ?

ವಿಕ್ ಇರುವುದು ಗರ್ಭಿಣಿಯರು, ಬಾಣಂತಿಯರು ಮತ್ತು 5 ವರ್ಷದೊಳಗಿನ ಮಕ್ಕಳಿಗೆ. ಹಾಲು, ಮೊಟ್ಟೆ, ಕಾಳು, ಶಿಶು ಆಹಾರ ಎಂದು ಪದಾರ್ಥ, ಅಳತೆ ಎಲ್ಲ ಅಲ್ಲಿ ನಿಗದಿ. ಅದು ಊಟದ ಒಂದು ಭಾಗವನ್ನು ತುಂಬುವ ಯೋಜನೆ, ಹಾಗಾಗಿ ಪಟ್ಟಿ ನಡೆಯುತ್ತದೆ. ಇಡೀ ಮನೆಯ ಅಡುಗೆಗೆ, ಬೇರೆ ಬೇರೆ ಧರ್ಮ, ಅಲರ್ಜಿ, ಕಾಯಿಲೆ ಇರುವ 4 ಕೋಟಿ ಜನರಿಗೆ ಒಂದೇ ಪಟ್ಟಿ ಬರೆಯುವುದು ಆಗುಹೋಗುವ ಮಾತಲ್ಲ.

ಪ್ರೋತ್ಸಾಹ ಕೊಟ್ಟು ನೋಡಿದ್ದಾರೆಯೇ?

ನೋಡಿದ್ದಾರೆ, ಫಲವೂ ಸಿಕ್ಕಿದೆ. ಮ್ಯಾಸಚೂಸೆಟ್ಸ್‌ನ ಹ್ಯಾಂಪ್ಡನ್ ಕೌಂಟಿಯಲ್ಲಿ 2011-12ರಲ್ಲಿ ನಿರ್ದಿಷ್ಟ ಹಣ್ಣು ತರಕಾರಿಗೆ ಖರ್ಚು ಮಾಡಿದ ಪ್ರತಿ ಡಾಲರಿಗೆ 30 ಸೆಂಟ್ ಕಾರ್ಡಿಗೆ ವಾಪಸ್ ಹಾಕಿದರು. ಅವುಗಳ ಸೇವನೆ ದಿನಕ್ಕೆ ಕಾಲು ಕಪ್ಪಿನಷ್ಟು, ಅಂದರೆ ಶೇ. 26ರಷ್ಟು ಏರಿತು. 2009ರಲ್ಲಿ ಡೆಟ್ರಾಯಿಟ್‌ನ ರೈತ ಸಂತೆಗಳಲ್ಲಿ ಆರಂಭವಾದ "ಡಬಲ್ ಅಪ್ ಫುಡ್ ಬಕ್ಸ್" ಪ್ರತಿ ಡಾಲರಿಗೆ ಇನ್ನೊಂದು ಡಾಲರಿನ ತರಕಾರಿ ಕೊಡುತ್ತದೆ, ಈಗ ಹಲವು ರಾಜ್ಯಗಳಲ್ಲಿದೆ. ತೊಂದರೆ ಎಂದರೆ ಇದಕ್ಕೆ ಹೊಸ ಹಣ ಬೇಕು. ನಿಷೇಧಕ್ಕೆ ಬೇಡ, ಅಥವಾ ಅದರ ಖರ್ಚು ಅಂಗಡಿಯವರ ತಲೆಗೆ ಹೋಗುವುದರಿಂದ ಬಜೆಟ್ಟಿನಲ್ಲಿ ಕಾಣಿಸುವುದಿಲ್ಲ.

ಕಾರ್ಡನ್ನು ಮಾರಿ ನಗದು ಮಾಡಿಕೊಳ್ಳುವವರು ಎಷ್ಟು?

ಇದು ನಿಜವಾದ ಅಪರಾಧ. ಸಾಮಾನ್ಯ ವಿಧಾನ: ಅಂಗಡಿಯವನು 100 ಡಾಲರಿನ ಸುಳ್ಳು ಬಿಲ್ ಹೊಡೆದು ಗ್ರಾಹಕನಿಗೆ 50ರಷ್ಟು ನಗದು ಕೊಡುತ್ತಾನೆ, ಸರ್ಕಾರದಿಂದ ಪೂರ್ತಿ 100 ತೆಗೆದುಕೊಳ್ಳುತ್ತಾನೆ. ಇನ್ನೊಂದು, ಠೇವಣಿ ಇರುವ ಬಾಟಲಿ ನೀರು ಕೊಂಡು, ನೀರು ಚೆಲ್ಲಿ, ಖಾಲಿ ಬಾಟಲಿ ಹಿಂದಿರುಗಿಸಿ ಠೇವಣಿ ಪಡೆಯುವುದು. 2015-17ರ ಅಂದಾಜಿನಲ್ಲಿ ಇಂಥ ದಂಧೆಗೆ ಹೋದದ್ದು ಪ್ರತಿ ಡಾಲರಿಗೆ ಸುಮಾರು 1.6 ಸೆಂಟ್, ಹೆಚ್ಚಿನ ಪಾಲು ಸಣ್ಣ ಅಂಗಡಿಗಳಲ್ಲಿ. ಪ್ರಮಾಣ ಸಣ್ಣದು, ಮೊತ್ತ ವರ್ಷಕ್ಕೆ 127 ಕೋಟಿ ಡಾಲರಿನ ಆಸುಪಾಸು. ಸಿಕ್ಕಿಬಿದ್ದ ಅಂಗಡಿ ಸಾಮಾನ್ಯವಾಗಿ ಶಾಶ್ವತವಾಗಿ ಹೊರಗೆ. ಫಲಾನುಭವಿ ಸಾಮಾನ್ಯವಾಗಿ ಮೊದಲ ಸಲ 12 ತಿಂಗಳು, ಎರಡನೇ ಸಲ 24 ತಿಂಗಳು, ಮೂರನೇ ಸಲ ಶಾಶ್ವತವಾಗಿ ಅನರ್ಹ.

ಶೇ. 11ರಷ್ಟು ವಂಚನೆ ಎನ್ನುತ್ತಾರಲ್ಲ?

ಅದು ವಂಚನೆಯ ಅಂಕಿ ಅಲ್ಲ. 2024ರ ಶೇ. 10.93 ಎಂಬುದು ಪಾವತಿ ತಪ್ಪಿನ ದರ. ಹೆಚ್ಚು ಕೊಟ್ಟದ್ದು, ಕಡಿಮೆ ಕೊಟ್ಟದ್ದು ಎರಡನ್ನೂ ಕೂಡಿಸಿ ಬಂದದ್ದು. ಬಹುಪಾಲು ಆದಾಯ, ಬಾಡಿಗೆ ವಿವರಗಳನ್ನು ಕಚೇರಿಯವರೋ ಅರ್ಜಿದಾರರೋ ತಪ್ಪಾಗಿ ಬರೆದದ್ದು. 2025ರ ಜುಲೈ 4ರಂದು ಸಹಿಯಾದ ಕಾನೂನಿನ ನಂತರ ಈ ದರಕ್ಕೆ ಹೊಸ ತೂಕ ಬಂದಿದೆ. 2028ರ ಆರ್ಥಿಕ ವರ್ಷದಿಂದ, ದರ ಶೇ. 6 ಮುಟ್ಟಿದ ರಾಜ್ಯಗಳು ನೆರವಿನ ಹಣದಲ್ಲೇ ಪಾಲು ಕೊಡಬೇಕು. ಗಾಡಿಯಲ್ಲಿ ಕೋಲಾ ಇದೆಯೇ ಎಂಬುದಕ್ಕಿಂತ ಬಡ ಕುಟುಂಬಗಳ ಊಟವನ್ನು ಹೆಚ್ಚು ಅಲುಗಾಡಿಸುವುದು ಇದು.

ಹಣ ತಿಂಗಳ ಮಧ್ಯಕ್ಕೇ ಖಾಲಿಯಾಗುವುದು ದುಂದುವೆಚ್ಚದಿಂದಲ್ಲವೇ?

ತಿಂಗಳ ಹಣದ ಮುಕ್ಕಾಲಿಗಿಂತ ಹೆಚ್ಚು ಮೊದಲ ಎರಡು ವಾರದಲ್ಲೇ ಖರ್ಚಾಗುತ್ತದೆ, ನಿಜ. ವಾಹನ ಇಲ್ಲದವರು ಒಂದೇ ಸಲ ದೊಡ್ಡ ಅಂಗಡಿಗೆ ಹೋಗಿ ತಿಂಗಳ ದಿನಸಿ ತರುವುದು ಇದಕ್ಕೆ ಒಂದು ಕಾರಣ. ಕೊಂಡದ್ದೆಲ್ಲ ಆಗಲೇ ತಿಂದದ್ದಲ್ಲ. ಆದರೂ ಕೊನೆಯ ವಾರದಲ್ಲಿ ಊಟ ತೆಳುವಾಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಇದ್ದಕ್ಕಿದ್ದಂತೆ ಖಾಲಿಯಾದರೆ ಕಳವು ಕೂಡ ಇರಬಹುದು. ಬಹುತೇಕ ರಾಜ್ಯಗಳ ಇಬಿಟಿ ಕಾರ್ಡಿನಲ್ಲಿ ಚಿಪ್ ಇಲ್ಲ, ಕಾಂತಪಟ್ಟಿ ಮಾತ್ರ. ಯಂತ್ರಕ್ಕೆ ಗುಟ್ಟಾಗಿ ಅಂಟಿಸಿದ ಸಾಧನದಿಂದ ಅದನ್ನು ನಕಲು ಮಾಡುವುದು ಸುಲಭ. ಹೀಗೆ ಕದ್ದ ಹಣವನ್ನು ಒಕ್ಕೂಟದ ನಿಧಿಯಿಂದ ತುಂಬಿಕೊಡುವ ಅವಕಾಶ 2024ರ ಡಿಸೆಂಬರ್ 20ಕ್ಕೆ ಮುಗಿಯಿತು. ಪಿನ್ ಆಗಾಗ ಬದಲಿಸಿ, ಹಣ ಜಮೆಯಾಗುವ ದಿನಕ್ಕೆ ಮೊದಲು ಬದಲಿಸಿದರೆ ಇನ್ನೂ ಒಳ್ಳೆಯದು.

ಎಚ್-1ಬಿ ವೀಸಾದಲ್ಲಿರುವವರು ಪಡೆಯಬಹುದೇ?

ಇಲ್ಲ. ಗ್ರೀನ್ ಕಾರ್ಡ್ ಸಿಕ್ಕ ವಯಸ್ಕರು ಸಾಮಾನ್ಯವಾಗಿ 5 ವರ್ಷ ಕಾಯಬೇಕು. ಗ್ರೀನ್ ಕಾರ್ಡ್ ಇರುವ 18ರೊಳಗಿನ ಮಕ್ಕಳಿಗೆ ಆ ಕಾಯುವಿಕೆ ಇಲ್ಲ. ಅಲ್ಲೇ ಹುಟ್ಟಿ ಪೌರತ್ವ ಪಡೆದ ಮಕ್ಕಳ ಪರವಾಗಿ ತಂದೆತಾಯಿ ಅರ್ಜಿ ಹಾಕಬಹುದು, ಆದಾಯದ ಮಿತಿಯೊಳಗಿದ್ದರೆ.

ಆಗಬೇಕಾದ ಸಾಮಾನನ್ನು ಯಂತ್ರ ನಿರಾಕರಿಸಿದರೆ ಏನು ಮಾಡಬೇಕು?

ಮೊದಲು ಬಾಕಿ ನೋಡಿ. ಹಿಂದಿನ ರಸೀದಿಯ ಕೆಳಗೆ ಇರುತ್ತದೆ, ಕಾರ್ಡಿನ ಹಿಂದಿರುವ ಸಂಖ್ಯೆಗೆ ಕರೆ ಮಾಡಿದರೂ ಹೇಳುತ್ತಾರೆ. ಬಾಕಿ ಇದ್ದರೆ, ಆಹಾರದ ಖಾತೆಯ ಬದಲು ನಗದು ಖಾತೆ ಒತ್ತಿದ್ದೀರಾ ನೋಡಿ. ಅದೂ ಸರಿಯಿದ್ದರೆ ತೊಂದರೆ ಬಾರ್‌ಕೋಡಿನ ಗುರುತಿನಲ್ಲಿದೆ. ಕ್ಯಾಶಿಯರ್ ಜೊತೆ ವಾದ ಬೇಡ, ಮ್ಯಾನೇಜರನ್ನು ಕರೆಸಿ, ಆ ರಾಜ್ಯದ ನಿಷೇಧ ಪಟ್ಟಿಯ ಯಾವ ವರ್ಗಕ್ಕೆ ಇದು ಬರುತ್ತದೆ ಎಂದು ಕೇಳಿ. ಒಪ್ಪದಿದ್ದರೆ ಸಾಮಾನಿನ ಹೆಸರು, ಅಳತೆ, ಬಾರ್‌ಕೋಡ್ ಸಂಖ್ಯೆ, ಅಂಗಡಿ, ದಿನಾಂಕ ಬರೆದಿಟ್ಟುಕೊಂಡು ರಾಜ್ಯದ ಸ್ನ್ಯಾಪ್ ಕಚೇರಿಗೆ ದೂರು ಕೊಡಿ. ಸಾಮಾನಿನ ಮೇಲಿನ ಚೀಟಿಯ ಫೋಟೊ ಇದ್ದರೆ ಕೆಲಸ ಬೇಗ ಆಗುತ್ತದೆ. ಸ್ನ್ಯಾಪ್ ಗ್ರಾಹಕರಿಗೆ ಬೇರೆ ಸರದಿ, ಕನಿಷ್ಠ ಖರೀದಿ, ಹೆಚ್ಚು ಬೆಲೆ ಯಾವುದನ್ನೂ ಅಂಗಡಿ ಹೇರುವಂತಿಲ್ಲ. ಇದೇ ನಿಯಮದಿಂದಾಗಿ ಅವರಿಗೆ ಮಾತ್ರ ರಿಯಾಯಿತಿ ಕೊಡುವಂತೆಯೂ ಇಲ್ಲ. ಬಜೆಟ್‌ಗೆ ಒಪ್ಪಿಗೆ ಸಿಗದೆ ಸರ್ಕಾರ ಸ್ಥಗಿತಗೊಂಡು 2025ರ ನವೆಂಬರ್‌ನ ಹಣ ತಡವಾದಾಗ, ಕಾರ್ಡುದಾರರಿಗೆ ರಿಯಾಯಿತಿ ಕೊಡಬಾರದೆಂದು ಕೃಷಿ ಇಲಾಖೆ ಅಂಗಡಿಗಳಿಗೆ ನೆನಪಿಸಿದ್ದು ಈ ನಿಯಮವನ್ನೇ ಹಿಡಿದು.